ಮುಚ್ಚಳ ತಣ್ಣಗಿರುವಾಗಲೇ ಕೇಳಿ: ಬಳಸಿದ ಹೈ-ಫೈ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ಹಳೆಯ ಆಂಪ್ಲಿಫೈಯರ್ ಕೈಕೊಟ್ಟಿದೆ. ಪರಿಚಯದ ಮಳಿಗೆಯವರು 2 ವರ್ಷ ಡೆಮೊಗೆ ಇಟ್ಟಿದ್ದ ಒಳ್ಳೆಯ ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಒಂದನ್ನು ಸಾಕಷ್ಟು ಕಡಿಮೆ ಬೆಲೆಗೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಅದೇ ಹಣಕ್ಕೆ ಹವ್ಯಾಸಿಯೊಬ್ಬರ ಬಳಿ 18 ವರ್ಷ ಹಳೆಯ, ಆದರೆ ಅದಕ್ಕಿಂತ ಬಹಳ ಮೇಲಿನ ದರ್ಜೆಯ ಪ್ರೀ ಮತ್ತು ಪವರ್ ಆಂಪ್ಲಿಫೈಯರ್ ಜೋಡಿ (ಇಂಟಿಗ್ರೇಟೆಡ್‌ನಲ್ಲಿ ಒಂದೇ ಪೆಟ್ಟಿಗೆಯೊಳಗಿರುವ ಈ ಎರಡು ಭಾಗಗಳು ಇಲ್ಲಿ ಬೇರೆ ಬೇರೆ ಪೆಟ್ಟಿಗೆಗಳಲ್ಲಿ) ಇದೆ. ಯಾವುದನ್ನು ಕೊಳ್ಳಲಿ?

ಉತ್ತರ: ಮೊದಲು ಎರಡರ ವಯಸ್ಸನ್ನೂ ಗಂಟೆಗಳಲ್ಲಿ ಲೆಕ್ಕ ಹಾಕಿ. ಬೆಳಿಗ್ಗೆ ಮಳಿಗೆಯ ಬಾಗಿಲು ತೆರೆದಾಗ ಹಾಕಿದ ಡೆಮೊ ಆಂಪ್ಲಿಫೈಯರನ್ನು ಆರಿಸುವುದು ಸಾಮಾನ್ಯವಾಗಿ ಬಾಗಿಲು ಮುಚ್ಚುವಾಗಲೇ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಎಂದು ಹಿಡಿದರೂ 2 ವರ್ಷಕ್ಕೆ 4,800 ಗಂಟೆಯಾಯಿತು. ಮನೆಯಲ್ಲಿ ದಿನಕ್ಕೆ 2 ಗಂಟೆ ಸಂಗೀತ ಕೇಳುವವರಿಗೆ ಅಷ್ಟು ಬಳಸಲು ಆರೂವರೆ ವರ್ಷ ಬೇಕು.

ಇದರಿಂದ ಹೆದರಬೇಕಾಗಿಲ್ಲ. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಅದು ದೊಡ್ಡ ವಯಸ್ಸಲ್ಲ. ಅದನ್ನು ಸವೆಸುವುದು ಬಿಸಿ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ದ್ರವ ಕಾವಿಗೆ ನಿಧಾನವಾಗಿ ಆರುತ್ತಾ ಬರುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅವುಗಳ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ರಿಪೇರಿಯವರೆಲ್ಲ ಹಿಡಿಯುವ ಲೆಕ್ಕ. ಆದ್ದರಿಂದ ಅದು ಕ್ಲಾಸ್ ಎ ಆಂಪ್ಲಿಫೈಯರೇ ಎಂದು ಕೇಳಿ. ಕ್ಲಾಸ್ ಎ ಆದರೆ ಹಾಡು ನುಡಿಯದಿದ್ದಾಗಲೂ ಒಲೆಯಂತೆ ಕಾದೇ ಇರುತ್ತದೆ, ಮಳಿಗೆಯ 4,800 ಗಂಟೆಗಳೂ ಕಾದ ಗಂಟೆಗಳೇ. ಕ್ಲಾಸ್ ಎಬಿ ಅಥವಾ ಕ್ಲಾಸ್ ಡಿ ಆದರೆ ಅಷ್ಟು ಚಿಂತೆ ಬೇಡ. ಆಮೇಲೆ ಹಿಂಬದಿ ನೋಡಿ. ಡೆಮೊ ಪೀಸಿನಲ್ಲಿ ನಿಜವಾಗಿ ಸವೆದಿರುವುದು ಅಲ್ಲಿ, ಏಕೆಂದರೆ ದಿನಕ್ಕೆ ಹತ್ತು ಸಲ ಸ್ಪೀಕರ್ ತಂತಿ ಬಿಚ್ಚಿ ಕಟ್ಟಿರುತ್ತಾರೆ. ಪ್ರತಿ ಟರ್ಮಿನಲ್ಲನ್ನೂ ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ತಿರುಪಣೆ ತಿರುಗುವ ಬದಲು ಬುಡವೇ ತಿರುಗಿದರೆ ಒಳಗಿನ ಬೆಸುಗೆಗೂ ಪೆಟ್ಟು ಬಿದ್ದಿರಬಹುದು.

ಮಳಿಗೆಯವರಿಂದ ಒಂದು ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಲೇಬೇಕು: ವಾರಂಟಿ ನೀವು ಕೊಂಡ ದಿನದಿಂದ ಶುರುವೋ, ಪೆಟ್ಟಿಗೆ ಒಡೆದು ಡೆಮೊಗೆ ಇಟ್ಟ ದಿನದಿಂದಲೋ? ಇದೊಂದರಲ್ಲಿ ಡೆಮೊ ಪೀಸಿನ ಅರ್ಧ ಬೆಲೆ ಅಡಗಿದೆ. ಸೀರಿಯಲ್ ನಂಬರ್ ಬಿಲ್ಲಿನಲ್ಲಿರಲಿ, ರಿಮೋಟ್ ಮತ್ತು ಮೂಲ ಪೆಟ್ಟಿಗೆ ಜೊತೆಗೆ ಬರಲಿ. 25 ಕಿಲೋ ತೂಗುವ ಆಂಪ್ಲಿಫೈಯರನ್ನು ಮುಂದೊಮ್ಮೆ ಸರ್ವಿಸಿಗೆ ಕಳುಹಿಸುವಾಗ ಆ ಪೆಟ್ಟಿಗೆ ಇಲ್ಲದಿದ್ದರೆ ಎಷ್ಟು ಕಷ್ಟ ಎಂದು ಕಳುಹಿಸಿದವರಿಗೇ ಗೊತ್ತು.

ಇನ್ನು 18 ವರ್ಷದ ಜೋಡಿ. ಇಲ್ಲಿ ನನ್ನದೇ ಅನುಭವ ಹೇಳಬೇಕು. ಹಲವು ವರ್ಷಗಳ ಹಿಂದೆ ನಾನೊಂದು ಪ್ರೀ ಆಂಪ್ಲಿಫೈಯರ್ ನೋಡಲು ಹೋಗಿದ್ದೆ. ನಾನು ಹೋದಾಗಲೇ ಅದು ನುಡಿಯುತ್ತಿತ್ತು. ‘ಚೆನ್ನಾಗಿ ಬೆಚ್ಚಗಾಗಲಿ ಎಂದು ಬೆಳಿಗ್ಗೆಯೇ ಹಾಕಿಟ್ಟೆ’ ಎಂದರು ಮಾರುವವರು. ಎರಡು ಗಂಟೆ ಕೇಳಿದೆ, ಮನಸೋತೆ, ಹಣ ಕೊಟ್ಟು ತಂದೆ. ಮರುದಿನ ಬೆಳಿಗ್ಗೆ ಹಾಕಿದರೆ ಎಡಗಡೆಯ ಸ್ಪೀಕರ್ ಮೂಕ. ಹನ್ನೆರಡು ನಿಮಿಷ ಕಳೆದ ಮೇಲೆ ‘ಚಟ್’ ಎಂದು ಸದ್ದಾಗಿ ಎಡ ಬದಿ ಬಂತು. ಬಿರುಕು ಬಿಟ್ಟ ಒಂದು ಬೆಸುಗೆ, ಕಾವಿಗೆ ಹಿಗ್ಗಿದಾಗ ಮಾತ್ರ ತಾಗುತ್ತಿತ್ತು. ಅವರು ಮೋಸ ಮಾಡಿದರು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಅದನ್ನು ಎಂದೂ ಆರಿಸದೆ ಬಳಸುತ್ತಿದ್ದವರು, ಅವರಿಗೇ ಗೊತ್ತಿರಲಿಲ್ಲ. ಆದರೆ ಅಂದಿನಿಂದ ನಾನು ಹಿಂದಿನ ದಿನವೇ ಫೋನು ಮಾಡಿ, ‘ದಯವಿಟ್ಟು ರಾತ್ರಿಯಿಂದ ಆರಿಸಿಡಿ’ ಎಂದು ಕೇಳಿಕೊಳ್ಳುತ್ತೇನೆ. ಹೋದೊಡನೆ ಮಾಡುವ ಮೊದಲ ಕೆಲಸ, ಮುಚ್ಚಳದ ಮೇಲೆ ಅಂಗೈ ಇಡುವುದು. ತಣ್ಣಗಿರಬೇಕು. ಆಮೇಲೆ ಸ್ವಿಚ್ ಹಾಕಿಸಿ ಒಂದು ಗಂಟೆಯಾದರೂ ಕುಳಿತು ಕೇಳುತ್ತೇನೆ, ಏಕೆಂದರೆ ಕಾದ ಮೇಲೆ ಮಾತ್ರ ಕಾಣಿಸಿಕೊಳ್ಳುವ ದೋಷಗಳೂ ಇವೆ.

ಒಂದು ಮಲ್ಟಿಮೀಟರ್ ಕೊಂಡೊಯ್ಯಿರಿ. ಸ್ಪೀಕರ್ ತಂತಿ ಬಿಚ್ಚಿಸಿ, ಹಾಡು ಹಾಕದೆ, ಸ್ಪೀಕರ್ ಟರ್ಮಿನಲ್‌ಗಳ ನಡುವೆ ಡಿಸಿ ವೋಲ್ಟೇಜ್ ಅಳೆಯಿರಿ. 20–30 ಮಿಲಿವೋಲ್ಟ್ ಒಳಗಿದ್ದರೆ ನೆಮ್ಮದಿ, 50 ದಾಟಿದರೆ ಕಾರಣ ಹುಡುಕಬೇಕು, 100 ದಾಟಿದರೆ ನಾನಾದರೆ ಕೊಳ್ಳುವುದಿಲ್ಲ. (ವಾಲ್ವ್, ಅಂದರೆ ಗಾಜಿನ ನಳಿಕೆಗಳಿರುವ, ಆಂಪ್ಲಿಫೈಯರಿಗೆ ಈ ಪರೀಕ್ಷೆ ಬೇಡ. ಸ್ಪೀಕರ್ ಇಲ್ಲದೆ ಅದನ್ನು ಹಾಕಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾಗುವ ಭಯವಿದೆ.) ಇಷ್ಟಾದ ಮೇಲೆ ಆ ಮಾದರಿಯ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಈಗಲೂ ಸಿಗುತ್ತವೆಯೇ ಎಂದು ನಿಮ್ಮ ರಿಪೇರಿಯವರಲ್ಲಿ ವಿಚಾರಿಸಿ. ತಯಾರಿಕೆ ನಿಂತ ಬಿಡಿಭಾಗಗಳಿಗೆ ನಕಲಿಗಳ ಕಾಟ ವಿಪರೀತ.

ಯಾವುದು ಎಂದು ನೇರವಾಗಿ ಕೇಳಿದ್ದೀರಿ. ವಾರಂಟಿ ಇಂದಿನಿಂದ ಶುರುವಾಗುವುದಾದರೆ ಡೆಮೊ ಪೀಸ್ ಕೊಳ್ಳಿ. ಆಗದಿದ್ದರೆ, ಮತ್ತು ಹತ್ತಿರದಲ್ಲಿ ನುರಿತ ರಿಪೇರಿಯವರು ಇದ್ದರೆ, ಹಳೆಯ ಜೋಡಿಯೇ ನನ್ನ ಆಯ್ಕೆ. ಕೆಪಾಸಿಟರ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಮೊದಲೇ ಕಳೆದು ಮಾತಾಡಿ.

ಪ್ರಶ್ನೆ: 25 ವರ್ಷ ಹಳೆಯ ಮೂರು ದಾರಿಯ (ತಗ್ಗು, ನಡು, ಏರು ಸ್ವರಗಳಿಗೆ ಬೇರೆ ಬೇರೆ ಡ್ರೈವರ್ ಇರುವ) ಸ್ಪೀಕರ್ ಜೋಡಿಯ ಫೋಟೋ ಕಳುಹಿಸಿದ್ದಾರೆ. ಮರದ ಹೊಳಪು ಹೊಸದರಂತಿದೆ. ಕೊಳ್ಳಬಹುದೇ?

ಉತ್ತರ: ಫೋಟೋದಲ್ಲಿ ಮರ ಕಾಣುತ್ತದೆ, ನೀವು ಕೊಳ್ಳುವುದು ಸದ್ದು ಹೊರಡಿಸುವ ಕೋನನ್ನು. ಬಟ್ಟೆಯ ಜಾಲರಿ ತೆಗೆಸಿ, ತಗ್ಗು ಸ್ವರದ ವೂಫರಿನ ಕೋನಿನ ಸುತ್ತಲಿನ ಬಳೆಯನ್ನು ನೋಡಿ. ಅದು ರಬ್ಬರೋ ಫೋಮೋ ಎಂದು ತಿಳಿಯಬೇಕು. ರಬ್ಬರ್ ದಶಕಗಟ್ಟಲೆ ಬಾಳುತ್ತದೆ. ಫೋಮ್ ಗಾಳಿಯ ತೇವಕ್ಕೇ ಕೊಳೆಯುತ್ತದೆ, ಸ್ಪೀಕರ್ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದರೂ 15–20 ವರ್ಷಕ್ಕೆ ಮುಗಿಯಿತು. ಮಾರುವವರ ಒಪ್ಪಿಗೆ ಪಡೆದು ಬೆರಳ ತುದಿಯಿಂದ ಹಗುರವಾಗಿ ಮುಟ್ಟಿ. ಅಂಟಂಟಾದರೆ, ಕಪ್ಪು ಪುಡಿ ಬೆರಳಿಗೆ ಹತ್ತಿದರೆ, ಇನ್ನು ಕೆಲವು ತಿಂಗಳಲ್ಲಿ ಅದು ಹರಿಯುತ್ತದೆ. ಅದಕ್ಕಾಗಿ ಒಳ್ಳೆಯ ಸ್ಪೀಕರ್ ಬಿಡಬೇಡಿ. ಹೊಸ ಫೋಮ್ ಕೂರಿಸುವವರಿದ್ದಾರೆ, ಆ ಖರ್ಚು ಬೆಲೆಯಲ್ಲಿ ಇಳಿಯಬೇಕು ಅಷ್ಟೆ. ಆಮೇಲೆ ಎರಡು ಕೈಗಳ ಬೆರಳುಗಳನ್ನೂ ಕೋನಿನ ಮೇಲೆ ಸಮನಾಗಿ ಇಟ್ಟು ಮೆಲ್ಲಗೆ ಒಳಗೆ ಒತ್ತಿ. ‘ಕರ್’ ಎಂದು ಉಜ್ಜಿದ ಸದ್ದು ಬಂದರೆ ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿ ಸುರುಳಿ) ಅಯಸ್ಕಾಂತಕ್ಕೆ ತಾಗುತ್ತಿದೆ, ಅದು ದೊಡ್ಡ ಕೆಲಸ.

ಏರು ಸ್ವರದ ಟ್ವೀಟರನ್ನು ಮಾತ್ರ ಮುಟ್ಟಲೇಬೇಡಿ, ಕಿವಿಯಿಂದ ಪರೀಕ್ಷಿಸಿ. ಒಬ್ಬರೇ ಹಾಡುವ ಮೋನೋ ಧ್ವನಿಮುದ್ರಣವನ್ನು ಸಣ್ಣಗೆ ಹಾಕಿಸಿ, ಎರಡೂ ಪೆಟ್ಟಿಗೆಗಳ ಒಂದೊಂದು ಡ್ರೈವರಿಗೂ ಕಿವಿ ಕೊಡಿ. ‘ಸ’ಕಾರ ಒಂದು ಕಡೆ ಮಂಕಾಗಿದ್ದರೆ ಎಡ ಬಲದ ತಂತಿ ಅದಲು ಬದಲು ಮಾಡಿಸಿ. ಮಂಕು ಅದೇ ಪೆಟ್ಟಿಗೆಯಲ್ಲಿ ಉಳಿದರೆ ದೋಷ ಸ್ಪೀಕರಿನದು, ಇನ್ನೊಂದಕ್ಕೆ ಹೋದರೆ ಆಂಪ್ಲಿಫೈಯರಿನದು.

ಪ್ರಶ್ನೆ: ಹಳೆಯ ದುಬಾರಿ ಸಿಡಿ ಪ್ಲೇಯರ್, ಬಳಸಿದ ಸ್ಟ್ರೀಮರ್ (ಇಂಟರ್‌ನೆಟ್ಟಿನಿಂದ ಹಾಡು ನುಡಿಸುವ ಯಂತ್ರ): ಕೊಳ್ಳಬಹುದೇ?

ಉತ್ತರ: ಸಿಡಿ ಪ್ಲೇಯರಿನ ಲೇಸರ್ ಘಟಕ ಈಗಲೂ ಸಿಗುತ್ತದೆ ಎಂದು ಖಾತ್ರಿಯಾದರೆ ಮಾತ್ರ. ಹಾಡುಗಳು ತುಂಬಿದ ಒಂದು ತಟ್ಟೆ ಒಯ್ದು ಕೊನೆಯ ಹಾಡು ಹಾಕಿ. ಸಿಡಿ ಓದುವುದು ಒಳಗಿನಿಂದ ಅಂಚಿನ ಕಡೆಗೆ, ಸೋತ ಲೇಸರ್ ಹೆಚ್ಚಾಗಿ ಆ ಅಂಚಿನಲ್ಲಿ ಎಡವುತ್ತದೆ. ಸ್ಟ್ರೀಮರ್ ಬೇಡ. ಅದನ್ನು ನಡೆಸುವ ಆ್ಯಪ್‌ಗೆ ಕಂಪನಿಯ ಬೆಂಬಲ ನಿಂತ ದಿನ ಯಂತ್ರ ಚೆನ್ನಾಗಿದ್ದೂ ಪ್ರಯೋಜನವಿಲ್ಲ.

ಪ್ರಶ್ನೆ: ಅಮೆರಿಕದಿಂದ ತಂದ ಹಳೆಯ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ ಕೊಂಡೆ. ಟ್ರಾನ್ಸ್‌ಫಾರ್ಮರ್ ಹಾಕಿದ್ದೇನೆ, ಆದರೂ ಹಾಡು ಎಳೆಯುತ್ತದೆ. ಮೋಟಾರ್ ಕೆಟ್ಟಿದೆಯೇ?

ಉತ್ತರ: ಮೋಟಾರ್ ಬಹುಶಃ ಸರಿಯಾಗಿಯೇ ಇದೆ. ಅಲ್ಲಿಯ ವಿದ್ಯುತ್ತು 120 ವೋಲ್ಟ್, 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸುತ್ತದೆ, ಹರ್ಟ್ಸನ್ನು ಅಲ್ಲ. ಸಿಂಕ್ರೊನಸ್ ಮೋಟಾರ್ ಹರ್ಟ್ಸಿಗೆ ತಕ್ಕಂತೆ ತಿರುಗುವುದರಿಂದ, ನಮ್ಮಲ್ಲಿಯಂತೆ 50 ಹರ್ಟ್ಸ್ ಇರುವಲ್ಲಿ ನಿಮಿಷಕ್ಕೆ 33⅓ ಸುತ್ತಿನ ಬದಲು 28ಕ್ಕಿಂತ ತುಸು ಕಡಿಮೆ ಸುತ್ತುತ್ತದೆ. ಹಲವು ಮಾದರಿಗಳಿಗೆ 50 ಹರ್ಟ್ಸಿನ ಪುಲ್ಲಿ (ಬೆಲ್ಟ್ ಸುತ್ತುವ ಮೋಟಾರಿನ ಗಾಲಿ) ಬೇರೆಯಾಗಿ ಸಿಗುತ್ತದೆ, ಅದನ್ನು ಹುಡುಕಿ. ಜೊತೆಗೆ ಬಂದ ಮುಳ್ಳಿನಿಂದ ನಿಮ್ಮ ಒಳ್ಳೆಯ ರೆಕಾರ್ಡ್‌ಗಳನ್ನು ನುಡಿಸಬೇಡಿ. ಅದು ಎಷ್ಟು ಗಂಟೆ ಓಡಿದೆ ಎಂದು ಯಾರಿಗೂ ಗೊತ್ತಿಲ್ಲ, ಸವೆದ ವಜ್ರ ಗೀರನ್ನು ಕೆರೆದು ಹಾಕುತ್ತದೆ. ಪುಲ್ಲಿ ಹಾಕಿಸಲು ಒಯ್ಯುವಾಗ ಟೋನ್ ಆರ್ಮನ್ನು, ಅಂದರೆ ಮುಳ್ಳು ಹಿಡಿಯುವ ತೋಳನ್ನು, ಅದರ ಆಸರೆಗೆ ಕಟ್ಟಿ, ಹಿಂದಿನ ತೂಕದ ಗುಂಡನ್ನು ಬಿಚ್ಚಿ, ತಿರುಗುವ ತಟ್ಟೆಯನ್ನು ಮೇಲೆತ್ತಿ ಬೇರೆಯಾಗಿ ಸುತ್ತಿಕೊಳ್ಳಿ.