ಆಕ್ಸಿಲರೇಟರ್ ಕಾರ್ಡ್ ಹಾಕಿದ ಹಳೇ ಕಂಪ್ಯೂಟರಿನಲ್ಲಿ ಹೊಸ ಓಎಸ್ ನಡೆಯುತ್ತದೆಯೇ?

ನಿಮ್ಮ ಹತ್ತಿರ ಆಪಲ್‌ನ ಹಳೇ ಕಂಪ್ಯೂಟರ್ ಪವರ್ ಮ್ಯಾಕ್ 9600 ಇದೆ, ಮೂಲ ಪ್ರೊಸೆಸರ್ ತೆಗೆದು ಬೇರೆ ಕಂಪನಿಯ 800 ಮೆಗಾಹರ್ಟ್ಸ್ ಜಿ4 ಆಕ್ಸಿಲರೇಟರ್ ಕಾರ್ಡ್ (ಹೆಚ್ಚು ವೇಗದ ಹೊಸ ಪ್ರೊಸೆಸರ್ ಇರುವ ಕಾರ್ಡ್; ಜಿ3, ಜಿ4 ಎಂಬುವು ಪ್ರೊಸೆಸರಿನ ಪೀಳಿಗೆಗಳು) ಕೂರಿಸಿದ್ದೀರಿ, ಈಗ ಮ್ಯಾಕ್ ಓಎಸ್ 9.1 ಓಡುತ್ತಿದೆ. 'ಮ್ಯಾಕ್ ಓಎಸ್ ಟೆನ್‌ನ ಟೈಗರ್ (10.4) ಆವೃತ್ತಿ ಕೇಳುವುದು ಜಿ3 ಅಥವಾ ಅದಕ್ಕಿಂತ ಮೇಲಿನ ಪ್ರೊಸೆಸರ್, ನನ್ನದು ಜಿ4. ಮತ್ತೇಕೆ ಇನ್‌ಸ್ಟಾಲ್ ಆಗುವುದಿಲ್ಲ?' ಎಂದು ಕೇಳಿದ್ದೀರಿ.

ಆಪಲ್‌ನ ಬೆಂಬಲಿತ ಯಂತ್ರಗಳ ಪಟ್ಟಿಯ ಪ್ರಕಾರ ಆಗುವುದಿಲ್ಲ. ಆದರೆ ಬೇರೆ ದಾರಿಯಿದೆ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ನೀವು ಬದಲಾಯಿಸಿದ್ದು ಪ್ರೊಸೆಸರ್ ಒಂದನ್ನೇ. ಇನ್‌ಸ್ಟಾಲರ್ ನೋಡುವುದು ಇಡೀ ಯಂತ್ರವನ್ನು. ಅದು ಯಾವ ಮಾಡೆಲ್, ಮದರ್‌ಬೋರ್ಡಿನಲ್ಲಿ ಏನೇನಿದೆ ಎಂದು ಮೊದಲು ಪರೀಕ್ಷಿಸುತ್ತದೆ. 2001ರ ಮಾರ್ಚಿನಲ್ಲಿ ಓಎಸ್ ಟೆನ್ ಬಂದಾಗಲೇ ಕಾರ್ಖಾನೆಯಿಂದಲೇ ಜಿ3 ಅಥವಾ ಜಿ4 ಹಾಕಿಕೊಂಡು ಬಂದ ಮ್ಯಾಕ್‌ಗಳಿಗೆ ಮಾತ್ರ ಅಧಿಕೃತ ಬೆಂಬಲವಿತ್ತು. ಆಮೇಲೆ 10.3ಕ್ಕೆ ಬೋರ್ಡಿನಲ್ಲೇ ಯುಎಸ್‌ಬಿ ಇರಬೇಕು ಎಂದಾಯಿತು, 2005ರ 10.4ಕ್ಕೆ ಫೈರ್‌ವೈರ್ (ಯುಎಸ್‌ಬಿಯಂಥ ಇನ್ನೊಂದು ಪೋರ್ಟ್) ಕೂಡ ಬೇಕಾಯಿತು. 9600ರಲ್ಲಿ ಎರಡೂ ಇಲ್ಲ. ಪಿಸಿಐ ಸ್ಲಾಟಿಗೆ ಯುಎಸ್‌ಬಿ ಕಾರ್ಡ್ ಸಿಕ್ಕಿಸಿದರೂ ಆ ಪಟ್ಟಿಯೊಳಗೆ ನಿಮ್ಮ ಯಂತ್ರ ಬರುವುದಿಲ್ಲ.

ಈ ಗೋಡೆ ದಾಟಿಸುವುದಕ್ಕೆಂದೇ ರಯಾನ್ ರೆಂಪೆಲ್ ಎಂಬವರು ಎಕ್ಸ್‌ಪೋಸ್ಟ್‌ಫ್ಯಾಕ್ಟೋ ಎಂಬ ಪ್ರೋಗ್ರಾಂ ಬರೆದರು. 7300, 7500, 7600, 8500, 8600, 9500, 9600 ಈ ಪವರ್ ಮ್ಯಾಕ್ ಮಾಡೆಲ್‌ಗಳೆಲ್ಲ ಅದರ ವ್ಯಾಪ್ತಿಯಲ್ಲಿವೆ. ಓಎಸ್ 9ರೊಳಗಿಂದಲೇ ಅದನ್ನು ತೆರೆದು, ಯಾವ ಡಿಸ್ಕಿಗೆ ಇನ್‌ಸ್ಟಾಲ್ ಮಾಡಬೇಕು ಎಂದು ಆರಿಸಿದರೆ ಯಂತ್ರ ರೀಸ್ಟಾರ್ಟ್ ಆಗಿ ಇನ್‌ಸ್ಟಾಲರ್‌ಗೆ ಹೋಗುತ್ತದೆ. ಅದರ 4ನೇ ಆವೃತ್ತಿಯಲ್ಲಿ 10.4ರವರೆಗೆ ಹೋಗಬಹುದು. 10.5ರ ಆಸೆ ಬಿಟ್ಟುಬಿಡಿ, ಅದಕ್ಕೆ ಕನಿಷ್ಠ 867 ಮೆಗಾಹರ್ಟ್ಸ್‌ನ ಜಿ4 ಬೇಕು, ಅಲ್ಲಿಗೆ ಎಕ್ಸ್‌ಪೋಸ್ಟ್‌ಫ್ಯಾಕ್ಟೋ ಕೂಡ ಕರೆದೊಯ್ಯುವುದಿಲ್ಲ.

ಇನ್‌ಸ್ಟಾಲ್ ಆಯಿತು ಎಂದ ಮಾತ್ರಕ್ಕೆ ಮುಗಿಯಲಿಲ್ಲ. ನಾನು ಜಿ3 ಕಾರ್ಡ್ ಹಾಕಿದ್ದ 8600ರಲ್ಲಿ 10.2 ಕೂರಿಸಿದಾಗ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಓಎಸ್ 9ರಲ್ಲಿ ಚುರುಕಾಗಿದ್ದ ಅದೇ ಯಂತ್ರ ಇಲ್ಲಿ ತೆವಳುತ್ತಿತ್ತು. ಮೆನು ಒತ್ತಿ ಕೈಬಿಟ್ಟ ಮೇಲೆ ಅದು ನಿಧಾನಕ್ಕೆ ಇಳಿದು ಬರುತ್ತಿತ್ತು, ವಿಂಡೋ ಎಳೆದರೆ ಮೌಸ್ ಮುಂದೆ ಹೋಗಿ ವಿಂಡೋ ಹಿಂದೆ ಉಳಿಯುತ್ತಿತ್ತು. ಕಾರ್ಡೇ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿರಲಿಲ್ಲ, ಅದರ ಎಲ್2 ಕ್ಯಾಶ್ (ಪ್ರೊಸೆಸರ್ ಬಳಸುವ ಪುಟ್ಟ, ವೇಗದ ಮೆಮೊರಿ) ಆಫ್ ಆಗಿತ್ತು. ಕಾರ್ಖಾನೆಯ ಜಿ3 ಮ್ಯಾಕ್‌ನಲ್ಲಿ ಪವರ್ ಬಂದ ಕೂಡಲೇ ಫರ್ಮ್‌ವೇರ್ (ಯಂತ್ರದೊಳಗೇ ಬರೆದಿಟ್ಟ ಮೂಲ ಸಾಫ್ಟ್‌ವೇರ್) ಈ ಕ್ಯಾಶನ್ನು ಆನ್ ಮಾಡುತ್ತದೆ. 8600ರ ಫರ್ಮ್‌ವೇರ್ ಇರುವ ರೋಮ್ ಚಿಪ್ ಬರೆದ ಕಾಲಕ್ಕೆ ಜಿ3 ಹುಟ್ಟಿರಲೇ ಇಲ್ಲ, ಹಾಗಾಗಿ ಅದಕ್ಕೆ ಆ ಕ್ಯಾಶ್ ಇರುವುದೇ ಗೊತ್ತಿಲ್ಲ. ಓಎಸ್ 9ರಲ್ಲಿ ಕಾರ್ಡಿನವರು ಕೊಟ್ಟ ಎಕ್ಸ್‌ಟೆನ್ಶನ್ (ಓಎಸ್‌ಗೆ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಈ ಕೆಲಸ ಮಾಡುತ್ತಿತ್ತು, ಓಎಸ್ ಟೆನ್‌ನಲ್ಲಿ ಆ ಎಕ್ಸ್‌ಟೆನ್ಶನ್ ಓಡುವುದಿಲ್ಲ. ಎಕ್ಸ್‌ಪೋಸ್ಟ್‌ಫ್ಯಾಕ್ಟೋದ ಕ್ಯಾಶ್ ಸೆಟ್ಟಿಂಗ್ ಆನ್ ಮಾಡಿ ರೀಸ್ಟಾರ್ಟ್ ಮಾಡಿದ ಮೇಲೆ ಅದೇ ವಿಂಡೋ ಬೆರಳಿನ ಜೊತೆಗೇ ಸರಿಯಿತು. ನಿಮ್ಮ ಜಿ4ಗೂ ಇದೇ ಮೊದಲ ಪರೀಕ್ಷೆಯಾಗಲಿ.

ಹಾಗೆಂದು ಹೊಸ ಜಿ4 ಯಂತ್ರದ ವೇಗ ನಿರೀಕ್ಷಿಸಬೇಡಿ. ಪ್ರೊಸೆಸರ್ 800ರಲ್ಲಿ ಓಡಿದರೂ ಮೆಮೊರಿಯ ಜೊತೆ ಮಾತಾಡುವುದು ಬೋರ್ಡಿನ 50 ಮೆಗಾಹರ್ಟ್ಸ್ ಬಸ್ (ಡೇಟಾ ಹೋಗುವ ದಾರಿ) ಮೂಲಕವೇ. ಪ್ರೊಸೆಸರಿನ ಮೇಲಿಂದ ಗ್ರಾಫಿಕ್ಸಿನ ಭಾರ ಇಳಿಸುವ ಓಎಸ್ ಟೆನ್‌ನ ಸೌಲಭ್ಯವಾದ ಕ್ವಾರ್ಟ್ಸ್ ಎಕ್ಸ್‌ಟ್ರೀಮ್‌ಗೆ ಎಜಿಪಿ ಸ್ಲಾಟಿನ ಗ್ರಾಫಿಕ್ಸ್ ಕಾರ್ಡ್ ಬೇಕು, ನಿಮ್ಮಲ್ಲಿರುವುದು ಪಿಸಿಐ ಸ್ಲಾಟ್. ಫ್ಲಾಪಿ ಡ್ರೈವ್ ಓಎಸ್ ಟೆನ್‌ನಲ್ಲಿ ಕೆಲಸ ಮಾಡುವುದಿಲ್ಲ. ಟೈಗರ್ ಡಿವಿಡಿಯಲ್ಲಿ ಬರುತ್ತದೆ, 9600ಕ್ಕೆ ಬಂದದ್ದು ಸಿಡಿ ಡ್ರೈವ್, ಅದನ್ನೂ ನೋಡಿಕೊಳ್ಳಿ. ಮೆಮೊರಿ 256 ಎಂಬಿ ಸಾಕು ಎನ್ನುತ್ತಾರೆ, ನಾನಂತೂ 512ಕ್ಕಿಂತ ಕಡಿಮೆ ಇಡಿ ಎಂದು ಯಾರಿಗೂ ಹೇಳುವುದಿಲ್ಲ. ಹನ್ನೆರಡು ಸ್ಲಾಟ್ ಇವೆ, ತುಂಬಿಸಿ.

ಫರ್ಮ್‌ವೇರ್ ಅಪ್‌ಡೇಟ್ ವಿಷಯದಲ್ಲಿ ಒಂದು ಎಚ್ಚರಿಕೆ, ಇದು ನಿಮ್ಮ 9600ಕ್ಕಲ್ಲ, ಇದನ್ನು ಓದುತ್ತಿರುವ, ನೀಲಿ-ಬಿಳಿ ಬಣ್ಣದ ಪವರ್ ಮ್ಯಾಕ್ ಜಿ3 ಇಟ್ಟುಕೊಂಡವರಿಗೆ. 1999ರಲ್ಲಿ ಆ ಯಂತ್ರಕ್ಕೆ ಬಂದ 1.1 ಫರ್ಮ್‌ವೇರ್ ಹಾಕಿದರೆ ಜಿ4 ಅಪ್‌ಗ್ರೇಡ್ ಬೂಟ್ ಆಗುತ್ತಿರಲಿಲ್ಲ. ಕಾರ್ಡ್ ತಯಾರಕರು ಆ ತಡೆ ತೆಗೆಯುವ ಪ್ಯಾಚ್ ಕೊಟ್ಟರು. ಅದನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಓಡಿಸಿ, ಆಮೇಲೆ ಜಿ4 ಕೂರಿಸಬೇಕು.

ಓಎಸ್ ತಯಾರಕರು ಯಾವಾಗಲೂ ಹೊರಗಿನ ಕಾರ್ಡನ್ನು ದೂರವಿಡುತ್ತಾರೆ ಎಂದಲ್ಲ. 2018ರಲ್ಲಿ ಬಂದ ಮ್ಯಾಕ್ ಓಎಸ್ ಆವೃತ್ತಿ ಮೊಹಾವಿ, 2010 ಮತ್ತು 2012ರ ಮ್ಯಾಕ್ ಪ್ರೊಗಳಿಗೆ ಮೆಟಲ್ (ಆಪಲ್‌ನ ಗ್ರಾಫಿಕ್ಸ್ ತಂತ್ರಜ್ಞಾನ) ಬೆಂಬಲಿಸುವ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾತ್ರ ಅಧಿಕೃತವಾಗಿ ಹೋಗುತ್ತಿತ್ತು, ಆಪಲ್ ತಾನೇ ಸಫೈರ್‌ನ ಪಲ್ಸ್ ಆರ್‌ಎಕ್ಸ್ 580ರಂಥ ಕಾರ್ಡ್‌ಗಳನ್ನು ಹೆಸರು ಹಿಡಿದು ಸೂಚಿಸಿತ್ತು. ಅಲ್ಲಿ ಆ ಕಾರ್ಡಿಗೆ ಬೇಕಾದ ಡ್ರೈವರ್ ಓಎಸ್‌ನೊಳಗೇ ಇತ್ತು. ನಿಮ್ಮ ಜಿ4ಗೆ ಬೇಕಾದ ಕ್ಯಾಶ್ ಸಾಫ್ಟ್‌ವೇರ್ ಓಎಸ್‌ನಲ್ಲಿಲ್ಲ. ವ್ಯತ್ಯಾಸ ಇರುವುದು ಅಲ್ಲೇ. ಯಾವುದೇ ಆಕ್ಸಿಲರೇಟರ್ ಕೊಳ್ಳುವಾಗ ನಾನು ಮೆಗಾಹರ್ಟ್ಸ್‌ಗಿಂತ ಮೊದಲು ಕೇಳುವುದು ಇದನ್ನೇ: ಇದಕ್ಕೆ ಬೇಕಾದ ಸಾಫ್ಟ್‌ವೇರ್ ಯಾರ ಕೈಯಲ್ಲಿದೆ, ಯಾವ ಆವೃತ್ತಿಯವರೆಗೆ ಬಂದಿದೆ?

ಶುರು ಮಾಡುವ ಮುಂಚೆ ಓಎಸ್ 9 ಇರುವ ಡಿಸ್ಕನ್ನು ಮುಟ್ಟದೆ ಬೇರೆ ಡಿಸ್ಕಿಗೆ ಇನ್‌ಸ್ಟಾಲ್ ಮಾಡಿ. ಒಂದೇ ಡಿಸ್ಕ್ ಇದ್ದರೆ ಬ್ಯಾಕಪ್ ತೆಗೆದು, ಓಎಸ್ ಟೆನ್‌ಗೆ ಪ್ರತ್ಯೇಕ ಪಾರ್ಟಿಶನ್ ಮಾಡಿ. ಮೂಲ ಪ್ರೊಸೆಸರ್ ಕಾರ್ಡನ್ನು ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಎತ್ತಿಡಿ, ಎಸೆಯಬೇಡಿ. ಬೋರ್ಡಿನ ಮೇಲಿರುವ ಪುಟ್ಟ ಪಿರ‍್ಯಾಮ್ ಬ್ಯಾಟರಿಯನ್ನು ಬದಲಾಯಿಸಿ: ಎಕ್ಸ್‌ಪೋಸ್ಟ್‌ಫ್ಯಾಕ್ಟೋ ತನ್ನ ಬೂಟ್ ಸೆಟ್ಟಿಂಗನ್ನು ಓಪನ್ ಫರ್ಮ್‌ವೇರ್‌ನಲ್ಲಿ ಬರೆದಿಡುತ್ತದೆ, ಆ ಬ್ಯಾಟರಿ ಸತ್ತಿದ್ದರೆ ಪ್ಲಗ್ ತೆಗೆದಾಗಲೆಲ್ಲ ಅದು ಅಳಿಸಿಹೋಗುತ್ತದೆ. ಇಷ್ಟು ಮಾಡಿಯೂ ಎಲ್ಲಾದರೂ ನಿಂತರೆ, ಪರದೆಯ ಮೇಲೆ ಕೊನೆಗೆ ಬಂದ ಸಾಲು ಯಾವುದು, ಕಾರ್ಡ್ ಯಾವ ಕಂಪನಿಯದು ಎಂದು ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.