ಚೆಸ್ಟ್‌ನಟ್ ಸಿಪ್ಪೆ ಬಿಸಿ ಇದ್ದಾಗಲೇ ಬಿಡಿಸಿ

ಅಕ್ಟೋಬರ್ ಬಂತೆಂದರೆ ಯುರೋಪು, ಅಮೆರಿಕದ ಅಂಗಡಿಗಳಲ್ಲಿ ಚೆಸ್ಟ್‌ನಟ್ ರಾಶಿ ಬೀಳುತ್ತದೆ. ಅಲ್ಲಿರುವ ನಮ್ಮ ಓದುಗರ ಪ್ರಶ್ನೆಗಳೂ ಶುರುವಾಗುತ್ತವೆ. ಈ ಸಲ ಪೂರ್ತಿ ಅದಕ್ಕೇ ಜಾಗ ಕೊಟ್ಟಿದ್ದೇನೆ.

ಅಕ್ಕಾ, ಇಲ್ಲಿ ಬೀದಿಯಲ್ಲಿ ಸುಟ್ಟು ಮಾರುವ ಚೆಸ್ಟ್‌ನಟ್‌ನ ಸಿಪ್ಪೆ ಸಲೀಸಾಗಿ ಬರುತ್ತದೆ. ಮನೆಯಲ್ಲಿ ಓವನ್‌ಗೆ ಇಟ್ಟರೆ ಕೆಲವು ಪಟ್ ಅಂತ ಸಿಡಿದವು, ಉಳಿದವುಗಳ ಒಳಸಿಪ್ಪೆ ಬಿಡಲೇ ಇಲ್ಲ. ಏನು ಮಾಡಲಿ?
— ಓದುಗರು, ಮ್ಯೂನಿಕ್

ನೀವು ಗೀರು ಹಾಕದೆ ಇಟ್ಟಿದ್ದೀರಿ ಅನ್ನಿಸುತ್ತದೆ. ಬಾದಾಮಿ, ಗೋಡಂಬಿ ಥರ ಇದು ಒಣ ಕಾಯಿ ಅಲ್ಲ. ಹಸಿ ಚೆಸ್ಟ್‌ನಟ್‌ನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಬಿಸಿಗೆ ಆ ನೀರು ಆವಿಯಾಗುತ್ತದೆ, ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಸಿಡಿಯುತ್ತದೆ. ನಮ್ಮ ಹಲಸಿನ ಬೀಜವನ್ನು ಕೆಂಡಕ್ಕೆ ಹಾಕಿದ ಹಾಗೇ ಅಂದುಕೊಳ್ಳಿ.

ಮೊದಲು ಒಂದು ಪಾತ್ರೆ ನೀರಿಗೆ ಹಾಕಿ. ತೇಲುವವು ಒಳಗೆ ಒಣಗಿರುತ್ತವೆ ಇಲ್ಲವೇ ಹುಳ ತಿಂದಿರುತ್ತವೆ, ತೆಗೆದುಬಿಡಿ. ಸಣ್ಣ ತೂತು ಕಂಡರೂ ಬೇಡ. ಆಮೇಲೆ ಚಪ್ಪಟೆ ಮೈ ಹಲಗೆಗೆ ಕೂರುವಂತೆ ಹಿಡಿದು, ಉಬ್ಬಿದ ಕಡೆ ಹಲ್ಲಿರುವ ಸಣ್ಣ ಚಾಕುವಿನಿಂದ ಅಡ್ಡ ಒಂದು, ಉದ್ದ ಒಂದು ಗೀರು ಎಳೆಯಿರಿ. ಗೀರು ಹೊರಸಿಪ್ಪೆಗೆ ನಿಲ್ಲಬಾರದು, ಅದರಡಿಯ ತೆಳು ಕಂದು ಪೊರೆಯನ್ನೂ ಸೀಳಬೇಕು. ಬಹಳ ಜನ ಬಿಡುವುದು ಇದನ್ನೇ. ಸಿಪ್ಪೆ ನುಣುಪಾಗಿ ಜಾರುತ್ತದೆ, ಬೆರಳು ಜೋಪಾನ.

ಗೀರು ಹಾಕಿದ್ದನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿ, ಬಸಿದು, 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 25 ನಿಮಿಷ ಸುಡಿ. ಗೀರಿನ ನಾಲ್ಕೂ ಮೂಲೆ ಹೊರಕ್ಕೆ ಸುರುಳಿಯಾಗಿ, ಒಳಗಿನ ಹಳದಿ ತಿರುಳು ಇಣುಕಿದರೆ ಆಯಿತು. ತಕ್ಷಣ ದಪ್ಪ ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲಿಂದ ಒಮ್ಮೆ ಅದುಮಿ, ಐದಾರು ನಿಮಿಷ ಬಿಡಿ. ಆವಿ ಒಳಗೇ ಉಳಿದು ಪೊರೆ ಸಡಿಲವಾಗುತ್ತದೆ. ಆಮೇಲೆ ಒಂದೊಂದೇ ತೆಗೆದು ಬಿಡಿಸಿ, ಉಳಿದವು ಬಟ್ಟೆಯೊಳಗೇ ಇರಲಿ. ಆರಿತೋ, ಪೊರೆ ಮತ್ತೆ ಅಂಟಿಕೊಳ್ಳುತ್ತದೆ. ಅದು ಬರೀ ಒಗರು, ತಿನ್ನಲಾಗುವುದಿಲ್ಲ. ಆರಿಹೋದವನ್ನು ಕುದಿಯುವ ನೀರಿಗೆ ಒಂದು ನಿಮಿಷ ಹಾಕಿ ತೆಗೆದರೆ ಮತ್ತೆ ದಾರಿಗೆ ಬರುತ್ತವೆ.

ಒಂದು ಮಾತು ಹೇಳಲೇಬೇಕು. ಕೆಲವು ಕಾಯಿಗಳಲ್ಲಿ ಪೊರೆ ತಿರುಳಿನ ಮಡಿಕೆಯೊಳಗೇ ಇಳಿದಿರುತ್ತದೆ. ಇಟಲಿಯಿಂದ ಬರುವ ಚೀಲದ ಮೇಲೆ ‘ಮರ್ರೋನಿ’ ಅಂತಿದ್ದರೆ ಅದನ್ನೇ ಕೊಳ್ಳಿ. ಬೆಲೆ ಜಾಸ್ತಿ, ಆದರೆ ಕಾಯಿ ದಪ್ಪ, ಪೊರೆ ಒಳಗೆ ಹೊಕ್ಕಿರುವುದು ಕಡಿಮೆ.

ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಮರದಡಿ ಬೇಕಾದಷ್ಟು ಬಿದ್ದಿರುತ್ತವೆ. ಮಕ್ಕಳು ಜೇಬು ತುಂಬಾ ತರುತ್ತಾರೆ. ಸುಟ್ಟು ತಿನ್ನಬಹುದಾ?
— ಓದುಗರು, ಲಂಡನ್

ಮೊದಲು ನೋಡಿ, ಆಮೇಲೆ ಮಾತು. ಅಲ್ಲಿನ ಪಾರ್ಕುಗಳಲ್ಲಿ ಹಾರ್ಸ್ ಚೆಸ್ಟ್‌ನಟ್ ಮರ ಬಹಳ. ಅದರ ಕಾಯಿಗೆ ಹುಡುಗರು ದಾರ ಪೋಣಿಸಿ ಕಾಂಕರ್ಸ್ ಆಡುತ್ತಾರೆ. ಅದು ತಿನ್ನುವಂಥದ್ದಲ್ಲ, ವಿಷ. ಹೊಟ್ಟೆ ಕೆಟ್ಟು ವಾಂತಿಯಾಗುತ್ತದೆ. ಬೇಯಿಸಿದರೆ ಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ.

ತಿನ್ನುವ ಚೆಸ್ಟ್‌ನಟ್‌ನ ಹೊರಗವಚದ ತುಂಬಾ ಕೂದಲಿನಂಥ ಒತ್ತೊತ್ತು ಮುಳ್ಳು, ಬರಿಗೈಯಲ್ಲಿ ಹಿಡಿಯಲಾಗುವುದಿಲ್ಲ. ಒಳಗೆ ಸಾಮಾನ್ಯವಾಗಿ ಎರಡು ಮೂರು ಕಾಯಿ, ಒಂದು ಬದಿ ಚಪ್ಪಟೆ, ತುದಿಯಲ್ಲಿ ಪುಟ್ಟ ಜುಟ್ಟು. ಹಾರ್ಸ್ ಚೆಸ್ಟ್‌ನಟ್‌ನ ಕವಚ ದಪ್ಪ ಹಸಿರು, ಅಲ್ಲಲ್ಲಿ ಮೊಂಡು ಮುಳ್ಳು, ಕಾಯಿ ಗುಂಡಗೆ, ಜುಟ್ಟಿಲ್ಲ. ಎಲೆ ಇನ್ನೂ ಸುಲಭ: ಮೊದಲನೆಯದರದ್ದು ಗರಗಸದಂಚಿನ ಉದ್ದನೆಯ ಒಂಟಿ ಎಲೆ, ಎರಡನೆಯದರದ್ದು ಅಂಗೈ ಬಿಚ್ಚಿದಂತೆ ಐದರಿಂದ ಏಳು ಎಲೆ. ಸ್ವಲ್ಪ ಅನುಮಾನ ಬಂದರೂ ಬಿಸಾಡಿ, ಮಕ್ಕಳ ವಿಷಯ.

ಡಬ್ಬಿಗೆ ಹಾಕಿ ಬಾದಾಮಿ ಪಕ್ಕ ಇಟ್ಟಿದ್ದೆ. ವಾರದಲ್ಲಿ ಬೂಷ್ಟು ಬಂತು. ಅಂಗಡಿಯವರದ್ದೇ ಹಳೇ ಮಾಲಾ?
— ಓದುಗರು, ನ್ಯೂಜೆರ್ಸಿ

ಇರಬಹುದು. ಅಮೆರಿಕದ ಕಾಡುಗಳಲ್ಲಿ ಹಿಂದೆ ಚೆಸ್ಟ್‌ನಟ್ ಮರಗಳೇ ತುಂಬಿದ್ದವು. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಂಡ ಒಂದು ಶಿಲೀಂಧ್ರ ರೋಗ ಕೆಲವೇ ದಶಕಗಳಲ್ಲಿ ನೂರಾರು ಕೋಟಿ ಮರಗಳನ್ನು ಒಣಗಿಸಿತು. ಎಂಥ ನಷ್ಟ! ಹಾಗಾಗಿ ಇವತ್ತು ಅಲ್ಲಿ ಮಾರುವುದರಲ್ಲಿ ಬಹುಪಾಲು ಇಟಲಿ, ಚೀನಾ, ಕೊರಿಯಾದಿಂದ ಬಂದದ್ದು. ದಾರಿಯಲ್ಲೇ ದಿನಗಳು ಕಳೆದಿರುತ್ತವೆ. ಕೊಳ್ಳುವಾಗ ಒತ್ತಿ ನೋಡಿ. ಗಟ್ಟಿಯಾಗಿ, ಭಾರವಾಗಿ, ಹೊಳೆಯುತ್ತಿರಬೇಕು. ಅಲ್ಲಾಡಿಸಿದಾಗ ಗಲಗಲ ಅಂದರೆ ಒಣಗಿದೆ.

ಆದರೆ ಹೊಸ ಮಾಲಾಗಿದ್ದರೂ ಡಬ್ಬಿಯಲ್ಲಿ ಉಳಿಯುತ್ತಿರಲಿಲ್ಲ. ತರಕಾರಿ ಇಡುವ ಹಾಗೆ ಗಾಳಿಯಾಡುವ ಚೀಲದಲ್ಲಿ ಫ್ರಿಜ್‌ನಲ್ಲಿಡಿ, ಎರಡು ವಾರದೊಳಗೆ ಮುಗಿಸಿ. ಜಾಸ್ತಿ ತಂದಿದ್ದರೆ ಬೇಯಿಸಿ, ಸುಲಿದು, ಫ್ರೀಜರ್‌ಗೆ.

ನಮ್ಮ ಅಡುಗೆಗೆ ಹೊಂದುತ್ತದಾ? ಸುಟ್ಟು ತಿಂದು ತಿಂದು ಬೇಜಾರು.
— ಓದುಗರು, ಜ್ಯೂರಿಕ್

ಚೆನ್ನಾಗಿ ಹೊಂದುತ್ತದೆ. ಹಲಸಿನ ಬೀಜ ಹಾಕುವ ಕಡೆಯೆಲ್ಲ ಹಾಕಿ. ಗೀರು ಹಾಕಿ, ನೀರು ಮುಳುಗಿಸಿ, ಕುಕ್ಕರ್‌ನಲ್ಲಿ ಎರಡು ಸೀಟಿ. ಬಿಸಿ ನೀರಿನಿಂದ ನಾಲ್ಕೈದು ಮಾತ್ರ ತೆಗೆಯುತ್ತಾ ಸುಲಿಯಿರಿ. ಅಷ್ಟು ಪುರುಸೊತ್ತಿಲ್ಲ ಅಂದರೆ ಬೇಯಿಸಿ ಸುಲಿದು ಪ್ಯಾಕ್ ಮಾಡಿದ್ದು ಸಿಗುತ್ತದೆ, ಹುಳಿ-ಪಲ್ಯಕ್ಕೆ ಅದು ಧಾರಾಳವಾಗಿ ಸಾಕು.

ಹುಳಿ ಮಾಡುವಾಗ ಬೇಳೆ, ತರಕಾರಿ, ಹುಣಸೆರಸ, ರುಬ್ಬಿದ ಮಸಾಲೆ ಎಲ್ಲ ಕುದಿದ ಮೇಲೆ ಕಡೆಯ ಐದು ನಿಮಿಷಕ್ಕೆ ಚೆಸ್ಟ್‌ನಟ್ ಹಾಕಿ. ಮೊದಲೇ ಹಾಕಿದರೆ ಕರಗಿ ಹಿಟ್ಟಾಗುತ್ತದೆ. ಅದಕ್ಕೇ ಸಿಹಿ ಇರುವುದರಿಂದ ಬೆಲ್ಲ ಬೇಡ, ಹುಣಸೆ ಒಂಚೂರು ಮುಂದಿರಲಿ. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಊಟಕ್ಕೆ ಬ್ರಸೆಲ್ಸ್ ಸ್ಪ್ರೌಟ್ಸ್ (ಪುಟಾಣಿ ಕೋಸಿನಂಥ ತರಕಾರಿ) ಜೊತೆ ಚೆಸ್ಟ್‌ನಟ್ ಬೇಯಿಸುತ್ತಾರೆ. ಅದೇ ಜೋಡಿಗೆ ಕೊಬ್ಬರಿ ಎಣ್ಣೆ, ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಕೊಟ್ಟು ಮೇಲೆ ಕಾಯಿತುರಿ ಉದುರಿಸಿ ನೋಡಿ. ನನಗಂತೂ ಅಲ್ಲಿನ ಬೆಣ್ಣೆಗಿಂತ ಇದೇ ಇಷ್ಟ.

ಪಾಯಸಕ್ಕೆ ಬೆಂದದ್ದನ್ನು ನುಣ್ಣಗೆ ರುಬ್ಬಿ, ತೆಳು ಕಾಯಿಹಾಲು, ಬೆಲ್ಲ ಹಾಕಿ ಕೈಯಾಡಿಸಿ. ಪಿಷ್ಟ ಜಾಸ್ತಿ, ಬೇಗ ಗಟ್ಟಿಯಾಗಿ ತಳ ಹಿಡಿಯುತ್ತದೆ, ಒಲೆ ಬಿಟ್ಟು ಹೋಗಬೇಡಿ. ಇಳಿಸುವಾಗ ಗಟ್ಟಿ ಹಾಲು, ಏಲಕ್ಕಿ.

ಮಗಳು ಇಟಲಿಯಿಂದ ಚೆಸ್ಟ್‌ನಟ್ ಹಿಟ್ಟು ತಂದಿದ್ದಾಳೆ. ಉಪವಾಸಕ್ಕೆ ಬಳಸುವ ಸಿಂಗಾಡ ಹಿಟ್ಟು ಇದೇನಾ? ಚಪಾತಿ ಆಗುತ್ತದಾ?
— ಓದುಗರು, ಮೈಸೂರು

ಅದು ಬೇರೆ, ಇದು ಬೇರೆ. ಸಿಂಗಾಡ ಕೆರೆಯಲ್ಲಿ ಬೆಳೆಯುವ ಗಿಡದ ಕಾಯಿ. ಇದು ಮರದ್ದು, ಕಾಯಿ ಒಣಗಿಸಿ ಬೀಸಿದ ಸಿಹಿ ಹಿಟ್ಟು. ಗ್ಲುಟೆನ್ ಇಲ್ಲ, ಹಾಗಾಗಿ ಬರೀ ಇದರಲ್ಲಿ ಲಟ್ಟಿಸಲು ಹೋದರೆ ಒಡೆಯುತ್ತದೆ. ಮೂರು ಪಾಲು ಗೋಧಿಗೆ ಒಂದು ಪಾಲು ಸೇರಿಸಿ. ಟಸ್ಕನಿಯಲ್ಲಿ ಇದನ್ನು ನೀರಲ್ಲಿ ಕಲಸಿ, ಆಲಿವ್ ಎಣ್ಣೆ, ಒಣದ್ರಾಕ್ಷಿ, ಪೈನ್ ನಟ್, ರೋಸ್‌ಮರಿ ಹಾಕಿ ಕಸ್ತನ್ಯಾಚೊ ಅನ್ನುವ ಕೇಕ್ ಬೇಯಿಸುತ್ತಾರೆ, ಸಕ್ಕರೆಯನ್ನೇ ಹಾಕದೆ. ಹಿಟ್ಟನ್ನು ಫ್ರೀಜರ್‌ನಲ್ಲಿಡಿ, ಹೊರಗಿಟ್ಟರೆ ಬೇಗ ಮುಗ್ಗಲಾಗುತ್ತದೆ.

ಅಮ್ಮನಿಗೆ ಶುಗರ್ ಇದೆ. ನಟ್ಸ್ ಒಳ್ಳೆಯದು ಅಂತ ಕೊಡಬಹುದಾ?
— ಓದುಗರು, ಮಿಲಾನ್

ಕೊಡಿ, ಆದರೆ ನಟ್ಸ್ ಲೆಕ್ಕದಲ್ಲಲ್ಲ. ಇದರಲ್ಲಿ ಕೊಬ್ಬು ತೀರಾ ಕಡಿಮೆ, ಪಿಷ್ಟವೇ ಹೆಚ್ಚು. ಅನ್ನ, ಆಲೂಗಡ್ಡೆಯ ಲೆಕ್ಕಕ್ಕೆ ಸೇರಿಸಿ, ಇದನ್ನು ತಿಂದ ದಿನ ಅದನ್ನು ಅಷ್ಟು ಕಡಿಮೆ ಮಾಡಲಿ. ಇನ್ನೊಂದು: ರಬ್ಬರ್ ಗ್ಲೌಸ್, ಬಲೂನು ಮುಟ್ಟಿದರೆ ಅಲರ್ಜಿ ಆಗುವವರಲ್ಲಿ ಕೆಲವರಿಗೆ ಚೆಸ್ಟ್‌ನಟ್ ಕೂಡ ಆಗುವುದಿಲ್ಲ. ಅಂಥವರು ಮನೆಯಲ್ಲಿದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ.