ಸಿನಿಮಾ ಬೈಯುವ ಮೊದಲು ಕೂತಿದ್ದ ಸೀಟು ನೋಡಿ

ಸರ್, ನಿಮ್ಮ ಪೋಸ್ಟ್ ಬೆಳಿಗ್ಗೆ ಓದಿದೆ. ಮುಂದಿನಿಂದ ಮೂರನೇ ಸಾಲು, ಗೋಡೆ ಪಕ್ಕದ ಸೀಟು, ಸೆಕೆಂಡ್ ಶೋ, ತ್ರೀಡಿ. ಅರ್ಧ ಗಂಟೆಗೇ ತಲೆನೋವು ಶುರುವಾಯಿತು, ಯಾರು ಯಾರಿಗೆ ಹೊಡೆದರು ಅಂತಲೇ ಗೊತ್ತಾಗಲಿಲ್ಲ, ಹಾಲಿವುಡ್‌ನ ಈ ಸಮ್ಮರ್ ಆ್ಯಕ್ಷನ್ ಸಿನಿಮಾಗಳೆಲ್ಲ ಬರೀ ಗದ್ದಲ, ಇನ್ನು ಮೇಲೆ ಮೊಬೈಲಲ್ಲೇ ನೋಡುತ್ತೇನೆ ಅಂತ ಬರೆದಿದ್ದೀರಿ. ಕೆಳಗೆ ಸಾಲಾಗಿ ಎಲ್ಲರೂ "ನಿಜ ನಿಜ" ಅಂದಿದ್ದಾರೆ. ಒಬ್ಬರೂ ಆ ಸೀಟಿನ ಬಗ್ಗೆ ಮಾತೆತ್ತಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಇದೇ ತಪ್ಪು ನಾನು 2007ರಲ್ಲಿ ಮಾಡಿದ್ದೆ. ಅದರಿಂದ ಏಳು ವರ್ಷ ಒಳ್ಳೊಳ್ಳೆ ಸಿನಿಮಾಗಳನ್ನು ದೊಡ್ಡ ಪರದೆಯಲ್ಲಿ ನೋಡದೆ ಕಳೆದುಕೊಂಡೆ.

ಆಗ ಕಾಲೇಜು. 'ದಿ ಬೋರ್ನ್ ಅಲ್ಟಿಮೇಟಮ್' ಬಂದಿತ್ತು. ಐದು ಜನ ಹೊರಟೆವು. ಬಾಲ್ಕನಿ ಭರ್ತಿಯಾಗಿತ್ತು, ಸಿಕ್ಕಿದ್ದು ಗಾಂಧಿ ಕ್ಲಾಸ್, ಅದೂ ಎಡಗಡೆ ತುದಿ. ಲಂಡನ್‌ನ ವಾಟರ್‌ಲೂ ಸ್ಟೇಷನ್ನಿನ ದೃಶ್ಯ ಬಂತು. ಜನಜಂಗುಳಿ, ಕೈಯಲ್ಲಿ ಹಿಡಿದ ಕ್ಯಾಮೆರಾ, ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು ಶಾಟ್. ನನ್ನ ಕಣ್ಣು ಬಲಗಡೆ ಮೂಲೆಯಲ್ಲಿ ಹುಡುಕುತ್ತಿದ್ದರೆ ನಾಯಕ ಬೋರ್ನ್ ಎಡಗಡೆ ಬಂದಿರುತ್ತಿದ್ದ. ಕತ್ತು ತಿರುಗಿಸುವಷ್ಟರಲ್ಲಿ ಆ ಶಾಟೂ ಮುಗಿದಿರುತ್ತಿತ್ತು. ಹೊಟ್ಟೆ ತೊಳೆಸತೊಡಗಿತು. ಮೊರಾಕೊದ ಟ್ಯಾಂಜಿಯರ್‌ನ ಚೇಸ್ ಬರುವ ಹೊತ್ತಿಗೆ ನಾನು ಹೊರಗೆ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತಿದ್ದೆ. ನಿರ್ದೇಶಕ ಪಾಲ್ ಗ್ರೀನ್‌ಗ್ರಾಸ್‌ಗೆ ಕ್ಯಾಮೆರಾ ನೆಟ್ಟಗೆ ಹಿಡಿಸಲು ಬರುವುದಿಲ್ಲ ಅಂತ ಹಾಸ್ಟೆಲ್ ತುಂಬ ಹೇಳಿಕೊಂಡು ತಿರುಗಿದೆ. ಮುಂದಿನ ವರ್ಷ ಅದೇ ಸಿನಿಮಾಗೆ ಎಡಿಟಿಂಗ್, ಸೌಂಡ್ ಮಿಕ್ಸಿಂಗ್, ಸೌಂಡ್ ಎಡಿಟಿಂಗ್ ಮೂರಕ್ಕೂ ಆಸ್ಕರ್ ಬಂತು. ಆಗಲೂ ನಾನು ಒಪ್ಪಲಿಲ್ಲ.

ಅದೇ ಹಟದಲ್ಲಿ 2008ರ 'ದಿ ಡಾರ್ಕ್ ನೈಟ್'ಗೂ ಹೋಗಲಿಲ್ಲ, ಲ್ಯಾಪ್‌ಟಾಪಲ್ಲಿ ನೋಡಿದೆ. ಷಿಕಾಗೋದ ಲಸಾಲ್ ಸ್ಟ್ರೀಟಲ್ಲಿ ನಿಜವಾದ ಲಾರಿಯೊಂದು ಹಿಂಬದಿಯಿಂದ ಎದ್ದು, ನೆಟ್ಟಗೆ ನಿಂತು, ಬೆನ್ನಡಿಯಾಗಿ ಬೀಳುತ್ತದಲ್ಲ, ಆ ಶಾಟನ್ನು ನಾನು ಮೊದಲು ನೋಡಿದ್ದು ಅಂಗೈ ಅಗಲದಲ್ಲಿ. ಗ್ರಾಫಿಕ್ಸ್ ಅಂದುಕೊಂಡು ಮುಂದೆ ಓಡಿಸಿದೆ. ಆ ಸಿನಿಮಾದ ಕೆಲವು ಭಾಗಗಳನ್ನು ತೀರಾ ದೊಡ್ಡ ಪರದೆಗಂತಲೇ ಇರುವ ಐಮ್ಯಾಕ್ಸ್ ಕ್ಯಾಮೆರಾದಲ್ಲೇ ತೆಗೆದಿದ್ದರು. ಈ ನಷ್ಟ ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ನೀವು ಮೊಬೈಲ್ ಅಂದ ಕೂಡಲೇ ನೆನಪಾಗಿದ್ದು ಇದೇ.

2014ರಲ್ಲಿ ಚಿಕ್ಕಮ್ಮನ ಮನೆಯಲ್ಲಿ, ಟಿವಿಯಿಂದ ಹತ್ತಡಿ ದೂರ ಕೂತು, ಅದೇ ಬೋರ್ನ್ ಸಿನಿಮಾ ಮತ್ತೆ ನೋಡಿದೆ. ಟ್ಯಾಂಜಿಯರ್‌ನಲ್ಲಿ ಅವನು ಮಹಡಿಯಿಂದ ಮಹಡಿಗೆ ಓಡುತ್ತಾನೆ, ಗಲ್ಲಿ ದಾಟಿ ಎದುರು ಮನೆಯ ಕಿಟಕಿಗೆ ಹಾರುತ್ತಾನೆ, ಕ್ಯಾಮೆರಾನೂ ಅವನ ಬೆನ್ನಿಗೇ ಹಾರುತ್ತದೆ. ಎಲ್ಲವೂ ಅರ್ಥವಾಯಿತು. ಒಂದು ಶಾಟಲ್ಲಿ ಅವನ ಓಟ ಎಲ್ಲಿ ಮುಗಿಯಿತೋ ಮುಂದಿನದು ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಇಡೀ ಚೌಕಟ್ಟು ಒಂದೇ ನೋಟಕ್ಕೆ ಸಿಗಬೇಕು, ಅಷ್ಟೇ. ಗಾಂಧಿ ಕ್ಲಾಸ್‌ನ ತುದಿಯಲ್ಲಿ ಅದು ಸಿಗುವುದಿಲ್ಲ.

ಈಗ ನನ್ನ ವಿಧಾನ ಹೇಳುತ್ತೇನೆ. ಬುಕ್ ಮಾಡುವ ಮೊದಲು ಆ ಸಿನಿಮಾದ್ದೋ, ಅದೇ ನಿರ್ದೇಶಕನ ಹಳೇ ಸಿನಿಮಾದ್ದೋ ಒಂದು ಫೈಟ್ ಅಥವಾ ಚೇಸ್ ತೆರೆಯಿರಿ. ಸೌಂಡ್ ಪೂರ್ತಿ ತೆಗೆದುಬಿಡಿ. ಪರದೆಯ ನಟ್ಟನಡುವೆ, ತಾಗಿಸದೆ, ಬೆರಳು ಹಿಡಿಯಿರಿ. ಒಂದು ನಿಮಿಷ ಬೆರಳ ತುದಿಯನ್ನೇ ನೋಡುತ್ತಾ ದೃಶ್ಯ ಓಡಲು ಬಿಡಿ. ಏನಾಯಿತು ಅಂತ ಅರ್ಥವಾದರೆ ಆ ಸಿನಿಮಾವನ್ನು ಹತ್ತಿರ ಕೂತೂ ನೋಡಬಹುದು. ಕಣ್ಣು ತಾನಾಗಿ ಆ ಕಡೆ ಈ ಕಡೆ ಓಡಿದರೆ ಹಿಂದೆ ಹೋಗಿ.

'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಮೇಲೆ ಇದನ್ನು ಮಾಡಿ ನೋಡಿ, ನಂಬುವುದಿಲ್ಲ ನೀವು. ಎರಡು ಗಂಟೆಯ ಸಿನಿಮಾದಲ್ಲಿ ಸುಮಾರು 2,700 ಶಾಟ್‌ಗಳಿವೆ. ಲೆಕ್ಕ ಹಾಕಿದರೆ ಸರಾಸರಿ ಒಂದೊಂದೂ ಮೂರು ಸೆಕೆಂಡಿನೊಳಗೆ. ಆದರೂ ಕಣ್ಣಿಗೆ ಆಯಾಸ ಇಲ್ಲ. ಯಾಕೆಂದರೆ ನಿರ್ದೇಶಕ ಜಾರ್ಜ್ ಮಿಲ್ಲರ್ ಮುಖ್ಯವಾದ್ದನ್ನೆಲ್ಲ ಚೌಕಟ್ಟಿನ ಮಧ್ಯದಲ್ಲೇ ಇಡಿಸಿದ. ಮೂಗು, ಬಂದೂಕು, ಚಕ್ರ, ಏನೇ ಇರಲಿ, ನಡುವೆಯೇ. ಎಡಿಟರ್ ಮಾರ್ಗರೆಟ್ ಸಿಕ್ಸೆಲ್ ಕತ್ತರಿಸುವಾಗಲೂ ನಮ್ಮ ಕಣ್ಣು ಹುಡುಕುವ ಕೆಲಸವೇ ಇರಲಿಲ್ಲ. ಆಕೆಗೆ ಆ ವರ್ಷದ ಎಡಿಟಿಂಗ್ ಆಸ್ಕರ್ ಸುಮ್ನೆ ಬರಲಿಲ್ಲ. ಕಟ್ ಜಾಸ್ತಿ ಆದರೆ ತಲೆನೋವು ಅಂತ ಇಲ್ಲಿ ಮೂರು ಜನ ಬರೆದಿದ್ದಾರೆ. ತಪ್ಪು. ಕಣ್ಣು ಹುಡುಕಾಡಿದರೆ ತಲೆನೋವು.

ಆದರೆ ಒಂದಷ್ಟು ಎಚ್ಚರ ಬೇಕು. ಟ್ರೈಲರ್ ಮೇಲೆ ಈ ಪರೀಕ್ಷೆ ಮಾಡಬೇಡಿ. ಟ್ರೈಲರ್ ಕತ್ತರಿಸುವವರೇ ಬೇರೆ, ಸಿನಿಮಾ ಕತ್ತರಿಸುವವರೇ ಬೇರೆ. ಪೂರ್ತಿ ದೃಶ್ಯ ಹಾಕಿದ ಕ್ಲಿಪ್ ಬೇಕು. ರೀಲ್ಸ್‌ನಲ್ಲಿ ಉದ್ದುದ್ದ ಕತ್ತರಿಸಿ ಹಾಕಿದ್ದೂ ನಡೆಯುವುದಿಲ್ಲ, ಅಕ್ಕಪಕ್ಕ ಹೋಗಿರುತ್ತದೆ. ಕ್ಲಿಪ್ ಹಗಲಿನ ದೃಶ್ಯದ್ದಾದರೆ ರಾತ್ರಿಯ ದೃಶ್ಯ ಹೇಗಿರುತ್ತದೆ ಅಂತ ಅದು ಹೇಳುವುದಿಲ್ಲ. ಕೆಲವು ಸಿನಿಮಾಗಳು ಎಲ್ಲಿ ಕೂತರೂ ಕೆಟ್ಟವೇ. ರಾತ್ರಿ, ಮಳೆ, ಹೊಗೆ, ಅದರೊಳಗೆ ಎರಡು ಗ್ರಾಫಿಕ್ಸ್ ಆಕೃತಿಗಳ ಗುದ್ದಾಟ. ಅದನ್ನು ಯಾವ ಸೀಟೂ ಉಳಿಸುವುದಿಲ್ಲ.

ಇನ್ನು ತ್ರೀಡಿ. ಇದರಲ್ಲಿ ನಾನು ಎರಡನೇ ಸಲ ಏಟು ತಿಂದೆ. 2015ರಲ್ಲಿ ಫ್ಯೂರಿ ರೋಡ್ ಮೊದಲು ನೋಡಿದ್ದು ತ್ರೀಡಿಯಲ್ಲಿ. ಜೌಗು ನೆಲದಲ್ಲಿ ರಾತ್ರಿಯ ನೀಲಿ ದೃಶ್ಯ ಬರುತ್ತದಲ್ಲ, ಅಲ್ಲಿ ನನಗೆ ಕಂಡದ್ದು ಬರೀ ಕೆಸರು. ವಾರದೊಳಗೆ ಟೂಡಿಗೆ ಮತ್ತೆ ಹೋದೆ. ಮ್ಯಾಕ್ಸ್ ಎರಡು ಗುಂಡು ವ್ಯರ್ಥ ಮಾಡುತ್ತಾನೆ, ಉಳಿದದ್ದು ಒಂದೇ. ಮಾತಿಲ್ಲದೆ ಬಂದೂಕನ್ನು ನಾಯಕಿ ಫ್ಯೂರಿಯೋಸಾಗೆ ಕೊಡುತ್ತಾನೆ. ಅವಳು ಅವನ ಹೆಗಲ ಮೇಲೇ ನಳಿಗೆ ಇಟ್ಟು, ಉಸಿರಾಡಬೇಡ ಅನ್ನುತ್ತಾಳೆ. ಅವನ ಮುಖದಲ್ಲಿ ಆಗುವ ಬದಲಾವಣೆ ಟೂಡಿಯಲ್ಲಿ ಸ್ಪಷ್ಟ ಕಂಡಿತು. ಇಡೀ ಸಿನಿಮಾದ ತಿರುವೇ ಅದು, ಅವನು ಅವಳನ್ನು ನಂಬಿದ ಗಳಿಗೆ. ತ್ರೀಡಿ ಅದನ್ನು ನುಂಗಿಹಾಕಿತ್ತು. ಆ ಸಿನಿಮಾ ತೆಗೆದದ್ದೇ ಟೂಡಿಯಲ್ಲಿ, ಆಮೇಲೆ ತ್ರೀಡಿಗೆ ಪರಿವರ್ತಿಸಿದ್ದು.

ಟೂಡಿಗೆ ಪರದೆ ಮೇಲೆ 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪು ಅಳೆಯುವ ಮಾನ) ಬೆಳಕು ಇರಬೇಕು ಅನ್ನುವುದು ಮಾನದಂಡ. ತ್ರೀಡಿ ಕನ್ನಡಕ ಹಾಕಿದ ಮೇಲೆ ಅದರಲ್ಲಿ ಮೂರನೇ ಒಂದು ಭಾಗ ಉಳಿದರೆ ಹೆಚ್ಚು. ನಿಮ್ಮ ಗೋಡೆ ಪಕ್ಕದ ಸೀಟು ಇದಕ್ಕೆ ಇನ್ನೊಂದು ಕಷ್ಟ ಸೇರಿಸಿತು. ಹಗುರ ಪ್ಲಾಸ್ಟಿಕ್ ಕನ್ನಡಕ ಕೊಡುವ ತ್ರೀಡಿಗೆ ಸಾಮಾನ್ಯವಾಗಿ ಸಿಲ್ವರ್ ಸ್ಕ್ರೀನ್, ಅಂದರೆ ಬೆಳ್ಳಿ ಬಣ್ಣದ ಲೇಪನ ಇರುವ ಪರದೆ ಬೇಕು. ಅದು ನಡುವೆ ಕೂತವರಿಗೆ ಹೊಳೆಯುತ್ತದೆ, ಪಕ್ಕದಿಂದ ನೋಡಿದವರಿಗೆ ಮಂಕು. ಅದೇ ಪರದೆಯಲ್ಲಿ ಟೂಡಿ ಹಾಕಿದರೂ ಪಕ್ಕದವರಿಗೆ ಮಂಕೇ. ಹಾಗಾಗಿ ಸಿಲ್ವರ್ ಸ್ಕ್ರೀನಿನ ಹಾಲಿನಲ್ಲಿ ಮಧ್ಯ ಸಿಗದಿದ್ದರೆ ಬುಕ್ ಮಾಡಲೇಬೇಡಿ. ತ್ರೀಡಿಯಲ್ಲೇ ಹುಟ್ಟಿದ ಸಿನಿಮಾಗಳ ಮಾತು ಬೇರೆ. 'ಅವತಾರ್' ಸರಣಿ ತ್ರೀಡಿ ಕ್ಯಾಮೆರಾದಲ್ಲೇ ತೆಗೆದದ್ದು, ಅದಕ್ಕೆ ನಾನೂ ಕನ್ನಡಕ ಹಾಕುತ್ತೇನೆ.

ಸೀಟು ಆರಿಸುವಾಗ ಬುಕಿಂಗ್ ಆ್ಯಪ್‌ನ ನಕ್ಷೆಯಲ್ಲಿ ಪರದೆ ಎಲ್ಲಿ ಬರೆದಿದ್ದಾರೆ ಅಂತ ನೋಡಿ. ಎಷ್ಟೋ ಕಡೆ ಅದು ಕೆಳಗಡೆ ಇರುತ್ತದೆ. ಮೇಲಿದೆ ಅಂದುಕೊಂಡು ಹಿಂದಿನ ಸಾಲು ಅಂತ ಮುಂದಿನದನ್ನೇ ಒತ್ತಿಬಿಡುವವರು ಬಹಳ. ಎ ಅಂದರೆ ಒಂದು ಕಡೆ ಮುಂದಿನ ಸಾಲು, ಇನ್ನೊಂದು ಕಡೆ ಹಿಂದಿನದು. ನಾನು ಕೂರುವುದು ಪರದೆಯಿಂದ ಮೂರನೇ ಎರಡು ಭಾಗ ಹಿಂದೆ, ನಡುವೆ. ಸೌಂಡ್ ಅಳತೆ ಮಾಡಿ ಸರಿಪಡಿಸುವುದೂ ಆ ಜಾಗದಿಂದಲೇ. ಫ್ಯೂರಿ ರೋಡ್ ಥರದ ಸಿನಿಮಾ ಆದರೆ ಇನ್ನೆರಡು ಸಾಲು ಮುಂದೆ. ಹಳೇ ಒಂಟಿ ಪರದೆಯ ಥಿಯೇಟರಾದರೆ ಬಾಲ್ಕನಿ ಅಡಿಯ ಸಾಲುಗಳು ಬೇಡ, ಸುತ್ತಲಿನ ಸೌಂಡ್ ಅಲ್ಲಿಗೆ ಸರಿಯಾಗಿ ಇಳಿಯುವುದಿಲ್ಲ. ಬಾಲ್ಕನಿಯ ಮೊದಲ ಸಾಲು ಸಿಕ್ಕರೆ ಬಿಡಬೇಡಿ. ರಿಕ್ಲೈನರ್‌ಗೆ ದುಡ್ಡು ಸುರಿಯಬೇಡಿ ಅಂತಲೇ ನನ್ನ ಅಭಿಪ್ರಾಯ. ಮಲಗಿಕೊಂಡು ಚೇಸ್ ನೋಡುವುದು ಏನು ಚೆಂದ? ಅಲುಗಾಡುವ ಕುರ್ಚಿಯೂ ಅಷ್ಟೇ. ಕಾರು ಹೊರಳುವಾಗ ನನ್ನ ಸೊಂಟ ಹೊರಳಿದರೆ ಕಣ್ಣು ಪರದೆ ಬಿಡುತ್ತದೆ.

ಐಮ್ಯಾಕ್ಸ್ ಬಗ್ಗೆ ಇನ್ನೊಬ್ಬರು ಕೇಳಿದ್ದಾರೆ. ಅದರಲ್ಲಿ ತೆಗೆದ ಅಥವಾ ಅದಕ್ಕಂತಲೇ ಚೌಕಟ್ಟು ಎತ್ತರಿಸಿದ ಸಿನಿಮಾಗೆ ಮಾತ್ರ ಜಾಸ್ತಿ ದುಡ್ಡು ಕೊಡಿ. 2022ರ 'ಟಾಪ್ ಗನ್: ಮ್ಯಾವೆರಿಕ್' ಅಂಥದ್ದು. ನಟರನ್ನು ನಿಜವಾದ ಎಫ್/ಎ-18 ವಿಮಾನದ ಹಿಂದಿನ ಸೀಟಲ್ಲಿ ಕೂರಿಸಿ, ಒಳಗೆ ಆರು ಸೋನಿ ಕ್ಯಾಮೆರಾ ಇಟ್ಟು ತೆಗೆದರು. ಮುಖದ ಚರ್ಮ ಕೆಳಕ್ಕೆ ಜಗ್ಗುವುದು ನಟನೆಯಲ್ಲ. ಅದನ್ನು ಎತ್ತರದ ಪರದೆಯಲ್ಲೇ ನೋಡಬೇಕು. ಆದರೆ ತಡಮಾಡಿದರೆ ಆ ಪರದೆ ಕೈತಪ್ಪುತ್ತದೆ. 2023ರ ಜುಲೈ 12ಕ್ಕೆ 'ಮಿಷನ್: ಇಂಪಾಸಿಬಲ್' ಏಳನೆಯದು ಬಂತು, 21ಕ್ಕೆ 'ಒಪ್ಪನ್‌ಹೈಮರ್' ಬಂದು ಐಮ್ಯಾಕ್ಸ್‌ಗಳನ್ನೆಲ್ಲ ಹಿಡಿದುಕೊಂಡಿತು. ಎರಡನೇ ವಾರ ಆರಾಮಾಗಿ ಹೋಗೋಣ ಅಂದವರಿಗೆ ಮಾಮೂಲಿ ಪರದೆ. ಮುಂದೆ ಯಾವ ಸಿನಿಮಾ ಕಾದಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ದಿನದ ವಿಷಯಕ್ಕೆ ಬಂದರೆ, ಅಮೆರಿಕದವರ ಬೇಸಿಗೆ ನಮ್ಮ ಬೇಸಿಗೆಯಲ್ಲ. 1975ರ ಜೂನ್‌ನಲ್ಲಿ 'ಜಾಸ್' ಓಡಿದ ಮೇಲೆ ಅಲ್ಲಿ ಶಾಲೆಗೆ ರಜೆ ಇರುವ ಜೂನ್, ಜುಲೈಯೇ ದೊಡ್ಡ ಸಿನಿಮಾಗಳ ಸುಗ್ಗಿಯಾಯಿತು. ನಮ್ಮಲ್ಲಿ ಆಗ ಮುಂಗಾರು, ಮಕ್ಕಳು ಶಾಲೆಗೆ ಹೋಗಿರುತ್ತಾರೆ. ಮಂಗಳವಾರ, ಬುಧವಾರದ ಬೆಳಗಿನ ಶೋ ಖಾಲಿ ಹೊಡೆಯುತ್ತಿರುತ್ತದೆ. ಬೇಕಾದ ಸೀಟು ನಿಮ್ಮದೇ. ಫಸ್ಟ್ ಡೇ ಫಸ್ಟ್ ಶೋ ಹುಚ್ಚು ನಮ್ಮ ಸ್ಟಾರ್‌ಗಳ ಸಿನಿಮಾಗೆ ಸರಿ, ಅಲ್ಲಿ ಜನರ ಕೂಗೂ ಸಿನಿಮಾದ ಭಾಗ. ಇದಕ್ಕೆ ಬೇಡ. ತಗಡಿನ ಚಾವಣಿಯ ಥಿಯೇಟರ್ ಆದರೆ ಜೋರು ಮಳೆಯ ದಿನ ಹೋಗಬೇಡಿ, ಮಾತು ಒಂದೂ ಕೇಳಿಸುವುದಿಲ್ಲ.

ಮಕ್ಕಳನ್ನು ಕರೆದೊಯ್ಯುವವರು ಕಿವಿಗೆ ಹಾಕುವ ಸ್ಪಂಜಿನ ಬಿರಡೆ ಇಟ್ಟುಕೊಳ್ಳಿ. ಪೂರ್ತಿ ಮಟ್ಟದಲ್ಲಿ ಹಾಕಿದರೆ ಸೌಂಡಿನ ಒಂದೊಂದು ಚಾನೆಲ್ 105 ಡೆಸಿಬಲ್‌ವರೆಗೆ ಹೋಗಬಹುದು. ಸೌಂಡ್ ಕಿವಿಗೆ ಚುಚ್ಚುತ್ತಿದ್ದರೆ ಎದ್ದು ಹೋಗಿ ಹೇಳಿ, ಕಡಿಮೆ ಮಾಡುತ್ತಾರೆ. ಚಿತ್ರ ಮಂಕಾಗಿದ್ದರೂ ಹೇಳಿ. ಮೂರು ಗಂಟೆ ಸುಮ್ಮನೆ ಕೂತು ಆಮೇಲೆ ಗುಂಪಿನಲ್ಲಿ ಬೈದರೆ ಯಾರಿಗೆ ಏನು ಉಪಯೋಗ?

ಮನೆಯಲ್ಲೇ ನೋಡುವವರು ಟಿವಿಯ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಸ್ಯಾಮ್‌ಸಂಗ್, ಎಲ್‌ಜಿ, ಸೋನಿ ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದಾರೆ, ಕೆಲಸ ಒಂದೇ. ಇಲ್ಲದ ಫ್ರೇಮ್‌ಗಳನ್ನು ನಡುವೆ ತುರುಕಿ ಸಿನಿಮಾವನ್ನು ಧಾರಾವಾಹಿ ಥರ ಮಾಡುತ್ತದೆ. 2018ರಲ್ಲಿ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಇದನ್ನು ಆಫ್ ಮಾಡಿ ಅಂತ ಕೇಳಿಕೊಳ್ಳಲಿಕ್ಕೇ ಒಂದು ವಿಡಿಯೊ ಮಾಡಿದರು. ಅವರ ಸಂಕಟ ಅರ್ಥವಾಗುತ್ತದೆ. ಆ ವರ್ಷದ 'ಮಿಷನ್: ಇಂಪಾಸಿಬಲ್ - ಫಾಲ್‌ಔಟ್'ನಲ್ಲಿ ವಿಮಾನದಿಂದ ಹಾರುವ ಒಂದು ದೃಶ್ಯಕ್ಕೆ ಕ್ರೂಸ್ ನೂರಕ್ಕೂ ಹೆಚ್ಚು ಸಲ ಹಾರಿದ್ದ. ಸಂಜೆಯ ಬೇಕಾದ ಬೆಳಕು ದಿನಕ್ಕೆ ಸಿಗುತ್ತಿದ್ದದ್ದು ಮೂರೇ ನಿಮಿಷ. ಕ್ಯಾಮೆರಾದವನು ಅದನ್ನು ತಲೆಗೆ ಕಟ್ಟಿಕೊಂಡು ಹಿಮ್ಮುಖವಾಗಿ ಹಾರುತ್ತಿದ್ದ. ಅಷ್ಟು ಪಟ್ಟು ತೆಗೆದದ್ದನ್ನು ಬಸ್ಸಲ್ಲಿ ಮೊಬೈಲ್ ಹಿಡಿದು ನೋಡುವುದು ನನಗೆ ಸರಿ ಕಾಣುವುದಿಲ್ಲ ಸರ್.

ನಿಮಗೆ ತಲೆನೋವು ತಂದ ಸಿನಿಮಾ ಇನ್ನೊಂದು ವಾರವಂತೂ ಓಡುತ್ತದೆ. ಟೂಡಿ ಶೋ ಎಲ್ಲಿದೆ ಹುಡುಕಿ, ಇದ್ದೇ ಇರುತ್ತದೆ, ದಿನಕ್ಕೆ ಒಂದಾದರೂ. ಬೆಳಗಿನ ಶೋ, ಹಿಂದಿನಿಂದ ನಾಲ್ಕನೇ ಅಥವಾ ಐದನೇ ಸಾಲು, ನಡುವಿನ ಸೀಟು. ಹೋಗುವ ಮೊದಲು ಬೆರಳಿನ ಪರೀಕ್ಷೆ ಮಾಡಿ, ಕಣ್ಣು ಎತ್ತ ಓಡಿತು ಅಂತ ಇಲ್ಲಿ ಬರೆಯಿರಿ. ಟಿಕೆಟ್ ಒತ್ತುವ ಮುಂಚೆ ಸೀಟಿನ ನಕ್ಷೆಯ ಚಿತ್ರ ಹಾಕಿದರೆ ನಾನೇ ನೋಡಿ ಹೇಳುತ್ತೇನೆ.